ಮೀನ ರಾಶಿಗೆ ಲೋಹ ದೋಷ

ಅಮೆರಿಕದಲ್ಲಿ ಸಾಲ್ಮನ್ ಮೀನು ಕೊಳ್ಳುವುದೆಂದರೆ ಸಂಬಂಧ ಕುದುರಿಸಿದಷ್ಟೇ ಕಷ್ಟ. ಸಾಕಿದ್ದೋ, ತಾನಾಗಿ ಬೆಳೆದದ್ದೋ? ಹುಟ್ಟಿದ ಹೊಳೆ ಯಾವುದು? ಪಾದರಸ ಯಾವ ಮನೆಯಲ್ಲಿದೆ, ಸೀಸದ ದೃಷ್ಟಿ ಬಿದ್ದಿದೆಯೇ, ಆರ್ಸೆನಿಕ್ ವಕ್ರವೇ? ಜಾತಕ ಕೂಡಿ ಬಂದರೆ ಮಾತ್ರ ಒಲೆ ಹಚ್ಚುತ್ತಾರೆ.

ಪಾಪ, ಜಾತಕ ಚೆನ್ನಾಗಿಯೇ ಇದೆ. ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಲೆಕ್ಕದಂತೆ ಸಾಲ್ಮನ್‌ನಲ್ಲಿ ಪಾದರಸ ಸರಾಸರಿ ಹತ್ತು ಲಕ್ಷಕ್ಕೆ 0.022 ಭಾಗ; ಕತ್ತಿಮೀನಿನಲ್ಲಿ 0.995. ಸಾಲ್ಮನ್ ಕೆಲವೇ ವರ್ಷ ಬದುಕುವ ಜೀವ, ಕೂಡಿಡಲು ಪುರುಸೊತ್ತಿಲ್ಲ. ಬಹುಕಾಲ ಬಾಳಿ, ಚಿಕ್ಕವರನ್ನು ನುಂಗಿ ಕೊಬ್ಬಿದವರಲ್ಲೇ ವಿಷ ಶೇಖರವಾಗುವುದು. ನಾನು ಹೇಳುತ್ತಿರುವುದು ಮೀನಿನ ಮಾತು. ಆರ್ಸೆನಿಕ್ ಇದ್ದರೂ ಬಹುಪಾಲು ನಿರುಪದ್ರವಿ ರೂಪದ್ದು. ಸೆಲೆನಿಯಂ ಅಂತೂ ಶುಭಗ್ರಹ.

ಇರುವ ಚೂರು ಪಾದರಸವನ್ನಾದರೂ ಮೀನು ತವರಿನಿಂದ ತಂದದ್ದಲ್ಲ. ಕಲ್ಲಿದ್ದಲು ಸುಟ್ಟವರು ನಾವು, ಪಾದರಸ ಸುರಿದು ಚಿನ್ನ ಸೋಸಿದವರು ನಾವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈಗ ಮೀನಿನ ಕಡೆಯವರು ನಮ್ಮ ಜಾತಕ ಕೇಳಲಿ. ಅಲಾಸ್ಕಾದ ಬ್ರಿಸ್ಟಲ್ ಕೊಲ್ಲಿ ಜಗತ್ತಿನ ಅತಿ ದೊಡ್ಡ ಸಾಕೈ ಸಾಲ್ಮನ್ ನೆಲೆ. 2022ರಲ್ಲಿ ಸುಮಾರು 7.9 ಕೋಟಿ ಮೀನು ಅಲ್ಲಿಗೆ ಮರಳಿದವು. ನಕ್ಷೆಯಿಲ್ಲ, ಫೋನಿಲ್ಲ; ಹುಟ್ಟಿದ ಹೊಳೆಯನ್ನು ಅವು ಮೂಗಿನಿಂದಲೇ ಗುರುತಿಸುತ್ತವೆ. ಅದೇ ಹೊಳೆಗಳ ನೆತ್ತಿಯ ಮೇಲೆ ಪೆಬಲ್ ಎಂಬಲ್ಲಿ ತಾಮ್ರ, ಚಿನ್ನ ಹೂತು ಕೂತಿವೆ; ಅವನ್ನು ಅಗೆಯಲು ಗಣಿ ಕಂಪನಿಯೊಂದು ಹೊಂಚು ಹಾಕಿದೆ. ನೂರು ಕೋಟಿ ಭಾಗ ನೀರಿಗೆ ಎರಡು-ಮೂರು ಭಾಗ ತಾಮ್ರ ಹೆಚ್ಚಾದರೂ ಮರಿ ಸಾಲ್ಮನ್‌ಗಳ ಮೂಗು ಮಂಕಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಗಣಿಯ ಮಾಲೀಕರ ಮೂಗು ಮಾತ್ರ ತಾಮ್ರದ ವಾಸನೆಗೆ ಇನ್ನಷ್ಟು ಚುರುಕಾಗುತ್ತದೆ.

2020ರಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳು ಗಣಿಗೆ ಪರವಾನಗಿ ಕೊಡಲಿಲ್ಲ. 2023ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆಯೂ ಬೇಡವೆಂದಿತು. ಕಂಪನಿ ಕೋರ್ಟಿನ ಮೆಟ್ಟಿಲು ಹತ್ತಿತು. ಅಲಾಸ್ಕಾ ಸರ್ಕಾರವೂ ಜೊತೆಗೆ ಹತ್ತಿತು. ಎದುರು ಕಕ್ಷಿಯ ಮೀನಿಗೆ ಹತ್ತಲು ಬರುವುದು ಹೊಳೆಯ ದಬದಬೆ ಮಾತ್ರ.

ಆದ್ದರಿಂದ ಗ್ರಾಹಕ ಮಹಾಶಯರೇ, ತಟ್ಟೆಯಲ್ಲಿರುವ ಮೀನಿನ ಜಾತಕ ಬಿಚ್ಚುವ ಮುಂಚೆ, ಹೊಳೆ ಹುಟ್ಟುವ ಗುಡ್ಡದ ಪಹಣಿ ಯಾರ ಹೆಸರಿನಲ್ಲಿದೆ, ಒಮ್ಮೆ ನೋಡಿ.