ಡೊಮಿಂಗೊ ಪೇಸ್ ಇಳಿದುಕೊಂಡ ಮನೆಯವರ ಕಡೆಯಿಂದ

ಹಂಪಿಯ ಚರಿತ್ರೆಯ ಬಗ್ಗೆ ನನ್ನದೊಂದು ಹಳೆಯ ತಕರಾರಿದೆ. ಅದನ್ನು ಬರೆದವರೆಲ್ಲ ಅತಿಥಿಗಳು. 1420ರ ಸುಮಾರಿಗೆ ಇಟಲಿಯ ನಿಕೊಲೊ ಕೊಂಟಿ ಬಂದ, 1443ರಲ್ಲಿ ಹೆರಾತಿನಿಂದ ಅಬ್ದುಲ್ ರಜಾಕ್ ಬಂದ, 1520ರ ಆಸುಪಾಸಿನಲ್ಲಿ ಪೋರ್ಚುಗಲ್ಲಿನ ಡೊಮಿಂಗೊ ಪೇಸ್ ಬಂದ. ಬಂದರು, ಉಂಡರು, ತಿರುಗಾಡಿದರು, ಬರೆದರು. ಪೇಸ್ ಅಂತೂ ಕೃಷ್ಣದೇವರಾಯನ ಮುಖದ ಮೇಲಿನ ಸಿಡುಬಿನ ಕಲೆಯನ್ನೂ ಬಿಡಲಿಲ್ಲ. ಆಳು ತೆಳ್ಳಗಿಲ್ಲ, ತುಸು ದಪ್ಪವೇ ಎಂಬುದನ್ನೂ ದಾಖಲಿಸಿದ. ರಾಯ ನಸುಕಿನಲ್ಲೆದ್ದು ಎಳ್ಳೆಣ್ಣೆ ಕುಡಿಯುವುದು, ಅದನ್ನೇ ಮೈಗೆ ತಿಕ್ಕಿಸಿಕೊಂಡು ಕುಸ್ತಿಗಿಳಿಯುವುದು, ಎಲ್ಲವೂ ಅವನ ಲೆಕ್ಕದಲ್ಲಿದೆ. ಆದರೆ ಆ ಪೇಸ್ ಯಾರದೋ ಮನೆಯಲ್ಲಿ ಇಳಿದುಕೊಂಡಿರಬೇಕಲ್ಲ? ಅವನು ಬಚ್ಚಲಿಗೆ ಹೋದರೆ ಎಷ್ಟು ಹೊತ್ತಿಗೆ ಬರುತ್ತಿದ್ದ, ಖಾರ ತಾಳುತ್ತಿದ್ದನೋ ಇಲ್ಲವೋ, ಆ ಮನೆಯ ಹೆಂಗಸು ಅವನ ಸಲುವಾಗಿ ಬೇರೆ ಸಾರು ಮಾಡುತ್ತಿದ್ದಳೋ ಹೇಗೆ, ಒಂದು ಸಾಲು ಇಲ್ಲ. ಮನೆಯವರ ಕಡೆಯ ಈ ಐನೂರು ವರ್ಷದ ಬಾಕಿಯನ್ನು ಈಗ ನಾನು ತೀರಿಸುತ್ತಿದ್ದೇನೆ. ಯಾಕೆಂದರೆ ಹೊಸಪೇಟೆಯ ಪಟೇಲ್ ನಗರದ ನಮ್ಮ ಮನೆಗೂ ಒಬ್ಬ ಪೇಸ್ ಬಂದಿದ್ದಳು.

ಜರ್ಮನಿಯವಳು, ಆಗಷ್ಟೇ ಹೈಸ್ಕೂಲು ಮುಗಿಸಿದವಳು. ಅಲ್ಲಿಯ ಸರ್ಕಾರ 2008ರಿಂದ 'ವೆಲ್ಟ್‌ವೆರ್ಟ್ಸ್' ಎಂಬ ಯೋಜನೆ ನಡೆಸುತ್ತಿದೆ. ಹದಿನೆಂಟರಿಂದ ಇಪ್ಪತ್ತೆಂಟರೊಳಗಿನ ಹುಡುಗ ಹುಡುಗಿಯರನ್ನು ನಮ್ಮಂಥ ದೇಶಗಳಿಗೆ ಸ್ವಯಂಸೇವೆಗೆ ಕಳಿಸುತ್ತದೆ. ಇವಳಿಗೆ ಇಲ್ಲಿಯ ಒಂದು ಸಂಸ್ಥೆಯಲ್ಲಿ ಮಕ್ಕಳಿಗೆ ಕಲಿಸುವ ಕೆಲಸ. ಇರಲು ಒಂದು ಮನೆ ಬೇಕು ಎಂದರು. ನಾನು ತಕ್ಷಣ ಹೂಂ ಎಂದೆ. ಮಗನ ಇಂಗ್ಲಿಷ್ ಸುಧಾರಿಸುತ್ತದೆ ಎಂಬುದು ಮನೆಯಲ್ಲಿ ಹೇಳಿದ ಕಾರಣ. ಆಫೀಸಿನಲ್ಲಿ 'ನಮ್ಮ ಮನೆಗೆ ಫಾರಿನ್ನಿನವರು ಬಂದಾರ' ಎನ್ನಬಹುದು ಎಂಬುದು ಹೇಳದೆ ಉಳಿಸಿಕೊಂಡ ಕಾರಣ. ಹೆಸರು ಬೇಡ. ನಮ್ಮವ್ವ ಕೊನೆಯವರೆಗೂ ಅವಳನ್ನು 'ಕೂಸು' ಎಂದೇ ಕರೆದಳು. ಕೂಸು ನಮ್ಮವ್ವನಿಗಿಂತ ಒಂದೂವರೆ ಅಡಿ ಎತ್ತರವಿತ್ತು.

ವಿದೇಶಿಯರನ್ನು ಇಟ್ಟುಕೊಂಡ ಮನೆಯವರು ಆಗ 24 ಗಂಟೆಯೊಳಗೆ ಫಾರ್ಮ್ ಸಿ ತುಂಬಬೇಕಿತ್ತು. ಲಾಡ್ಜಿನವರು ತುಂಬುತ್ತಿದ್ದುದೂ ಇದನ್ನೇ. ರಾತ್ರಿ ಹನ್ನೊಂದರವರೆಗೆ ಕಂಪ್ಯೂಟರಿನ ಮುಂದೆ ಕೂತು, ಪಾಸ್‌ಪೋರ್ಟಿನ ಅಕ್ಷರ ಒಂದೊಂದೇ ಒತ್ತಿ ಎದ್ದೆ. ಮರುದಿನ ಬೆಳಿಗ್ಗೆ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು: "ಲಾಡ್ಜಿನ ಮಾಲಕ್ರೇ, ಎರಡನೇ ನಂಬರ್ ರೂಮಿಗೆ ಚಾ ಯಾರು ಒಯ್ಯೋರು?"

ಕೂಸಿನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅಲ್ಲಿಂದಲೇ ನಮ್ಮ ತಾಪತ್ರಯ ಶುರುವಾಯಿತು. ರಾತ್ರಿ ಊಟ ಮುಗಿದ ಮೇಲೆ ಅದೇ ಟೇಬಲ್ಲಿನ ಮೇಲೆ ಬರೆಯುತ್ತ ಕೂರುತ್ತಿದ್ದಳು. ಕಳಿಸಿದ ಸಂಸ್ಥೆಗೆ ಆಗಾಗ ವರದಿ ಕಳಿಸಬೇಕಂತೆ, ಪರದೇಶದ ದಿನಚರಿ ಹೇಗಿದೆ ಎಂದು. ಪರದೇಶ ಎಂದರೆ ನಾವು! ನಮ್ಮ ಕುಕ್ಕರಿನ ಸೀಟಿ, ನಮ್ಮವ್ವನ ಗೊರಕೆ, ನನ್ನ ಬನಿಯನ್ನು. ಇದು ಗೊತ್ತಾದ ಗಳಿಗೆಯಿಂದ ಮನೆಯವರು ಮನೆಯವರ ಹಾಗೆ ಇರುವುದನ್ನು ಬಿಟ್ಟರು. ಹೆಂಡತಿ ಹೊಸ್ತಿಲಿನ ಸ್ಟಿಕ್ಕರ್ ರಂಗೋಲಿಯನ್ನು ಉಗುರಿನಿಂದ ಕೆರೆದು ಕೆರೆದು ತೆಗೆದಳು. ಅರ್ಧ ಬಂತು, ಅರ್ಧ ಬರಲಿಲ್ಲ. ಬಾರದ ಅರ್ಧದ ಮೇಲೆ ರಂಗೋಲಿ ಪುಡಿಯಲ್ಲಿ ಹೊಸದನ್ನು ಎಳೆದಳು. ಮಗ ಕಾಲೇಜಿಗೆ ಹೊರಡುವ ಮುಂಚೆ ನನ್ನ ಕಾಲಿಗೆ ಬಿದ್ದ. ಅವನು ಏನೋ ಕೆಳಗೆ ಬೀಳಿಸಿಕೊಂಡಿದ್ದಾನೆಂದು ನಾನೂ ಬಗ್ಗಿ ಹುಡುಕಿದೆ. ಏಳೂವರೆಗೆ ಏಳುತ್ತಿದ್ದ ನಾನು ಐದೂವರೆಗೆ ಮಾಳಿಗೆ ಹತ್ತಿ ಸೂರ್ಯನಮಸ್ಕಾರಕ್ಕೆ ನಿಂತೆ. ಬಳ್ಳಾರಿ ಸೀಮೆಯ ಸೂರ್ಯನಿಗೆ ಯಾರ ನಮಸ್ಕಾರವೂ ಬೇಕಿಲ್ಲ, ಅವನು ಹಾಗೇ ಬರುತ್ತಾನೆ.

ಹಿತ್ತಲಿನ ಬಚ್ಚಲ ಹಿಂದೆ ಬಿದ್ದಿದ್ದ ರುಬ್ಬುವ ಕಲ್ಲೂ ಒಳಗೆ ಬಂತು. ಮಿಕ್ಸಿ ಕಪಾಟಿನ ಮೇಲೆ ಹೋಯಿತು. ಹೆಂಡತಿ ಕೆಳಗೆ ಕೂತು ಶೇಂಗಾ ಚಟ್ನಿ ರುಬ್ಬುವಾಗ ಕೂಸು ಬಂದು ನೋಡಿತು. ತಾನೂ ಒಂದು ಕೈ ಹಾಕಿತು. ಆಮೇಲೆ ಎದ್ದು ಹೋಗಿ, ಬ್ಯಾಗಿನಿಂದ ಸ್ಕ್ರೂಡ್ರೈವರ್ ತಂದು, ಸ್ಟೂಲು ಹತ್ತಿ ಮಿಕ್ಸಿಯನ್ನು ಇಳಿಸಿ ಅಡಿಮೇಲು ಮಾಡಿ ಬಿಚ್ಚತೊಡಗಿತು. "ಅಕ್ಕಾ, ಇದು ಕೆಟ್ಟಿದೆ ಅಂತ ಯಾಕೆ ಹೇಳಲಿಲ್ಲ?" ಒಳಗಿನ ದೂಳು ಊದಿ, ತಿರುಪು ಬಿಗಿದು, ಪ್ಲಗ್ ಹಾಕಿ ಗುಂಡಿ ತಿರುವಿತು. ಮಿಕ್ಸಿ ಭರ್ರೆಂದಿತು. ಹೆಂಡತಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷ. ಕಲ್ಲು ಆ ಸಂಜೆಯೇ ಬಚ್ಚಲ ಹಿಂದೆ ಹೋಯಿತು. ಸೂರ್ಯನಮಸ್ಕಾರ ಅದಕ್ಕಿಂತ ಎರಡು ದಿನ ಮೊದಲೇ ನಿಂತಿತ್ತು.

ಅವಳು ಬಂದ ಸ್ವಲ್ಪ ದಿನಕ್ಕೇ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಬೆಳಗಾಗುವುದರೊಳಗೆ ಹೊಸಪೇಟೆಯಲ್ಲಿ ಇದ್ದವರೆಲ್ಲ ಎಂಜಿನಿಯರುಗಳಾಗಿದ್ದರು. ನಮ್ಮ ಮನೆಗೆ ಜರ್ಮನಿಯಿಂದ ಫೋನು. ಅವಳ ತಾಯಿ ಸುದ್ದಿ ನೋಡಿದ್ದಾರೆ, ಮನೆಯ ಯಜಮಾನರ ಜೊತೆ ಮಾತಾಡಬೇಕಂತೆ. ಅವ್ವ ಕೈ ಚಾಚಿದಳು, ಆದರೆ ಫೋನು ನನಗೆ ಬಂತು. "ನಥಿಂಗ್ ಟು ವರಿ ಮೇಡಂ. ಟೋಟಲ್ ತರ್ಟಿ ತ್ರೀ ಗೇಟ್ಸ್. ಸ್ಟಿಲ್ ತರ್ಟಿ ಟೂ ಆರ್ ದೇರ್" ಎಂದೆ. ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ.

ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದಿದ್ದಾರೆ ಎಂದು ಟಿವಿ ಹೇಳುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಕೂಸಿಗೆ ಎಲ್ಲವನ್ನೂ ವಿವರಿಸಿದೆ. ಮಜ್ಜಿಗೆ ಪಾತ್ರೆ ಜಲಾಶಯ, ನನ್ನ ತಾಟು ಹೊಲ, ಕುಕ್ಕರಿನ ಮುಚ್ಚಳ ಗೇಟು. 1945ರಲ್ಲಿ ಅಡಿಗಲ್ಲು ಬಿದ್ದಿದ್ದು, ಸಿಮೆಂಟಲ್ಲ, ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿ ಕಟ್ಟಿದ್ದು, 1953ಕ್ಕೆ ಮುಗಿದಿದ್ದು, ಒಂದೂ ಬಿಡಲಿಲ್ಲ. "ಸರಪಳಿ ಕಡೀತು ಅಂದ್ರೆ ಹೀಗೆ" ಎಂದು ಮುಚ್ಚಳ ಎತ್ತಿ ಪಾತ್ರೆ ಬಾಗಿಸಿದೆ. ಹೊಲಕ್ಕೆ ನೀರು ಬಂತು. ಪಕ್ಕದ ಊರಿಗೂ ಬಂತು. ಅವಳು ನೋಟ್‌ಬುಕ್ಕನ್ನು ಮೇಲೆತ್ತಿ ಹಿಡಿದುಕೊಂಡು ಮೆಲ್ಲಗೆ ಕೇಳಿದಳು: "ಸರಪಳಿ ಹಿಡಿದಿರೋದು ಗೇಟು ಕೆಳಗೆ ಬೀಳದ ಹಾಗೆ ಅಲ್ವಾ? ಅದು ತುಂಡಾದ್ರೆ ಗೇಟು ಮುಚ್ಚಿಕೋಬೇಕು. ಕೊಚ್ಚಿಕೊಂಡು ಹೋಗಿದ್ದು ಹೇಗೆ?" ನಾನು ಕೈ ತೊಳೆಯಲು ಎದ್ದೆ.

ಹುಡುಗಾಟದ ಮಾತು ಪಟೇಲ್ ನಗರದಲ್ಲಿ ನಡೆಯುತ್ತಿತ್ತು, ಕಂಪ್ಲಿಯಲ್ಲಿ ನಡೆಯುತ್ತಿರಲಿಲ್ಲ. ಅಲ್ಲಿ ನಮ್ಮ ತಂಗಿಯ ಮನೆಯವರದು ಭತ್ತದ ಗದ್ದೆ. ಅಣೆಕಟ್ಟೆಯ ನೀರೆಲ್ಲ ಹರಿದುಹೋದರೆ ಮುಂದಿನ ಬೆಳೆಗೇನು ಗತಿ ಎಂದು ಭಾವ ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಿದ್ದ. ನಿವೃತ್ತ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ಹರಿಯುವ ನೀರಿನಲ್ಲೇ ತುಂಡು ತುಂಡಾಗಿ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದೊಳಗೆ ಬಾಯಿ ಮುಚ್ಚಿಸಿದರು. ಮುಂದೆ ಮಳೆಯೂ ಕೈಕೊಡಲಿಲ್ಲ, ಅಣೆಕಟ್ಟೆ ಮತ್ತೆ ತುಂಬಿತು. ತುಂಬಿತೆಂದು ಟಿವಿ ಹೇಳಿದ ಸಂಜೆ ನಮ್ಮ ಓಣಿಯ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಕೂಸು ಖಾಲಿ ಕೊಡ ಹಿಡಿದು ಒಮ್ಮೆ ಟಿವಿಯನ್ನು, ಒಮ್ಮೆ ನಲ್ಲಿಯನ್ನು ನೋಡಿ ಏನೂ ಕೇಳಲಿಲ್ಲ. ಬರೆದುಕೊಂಡಿತು.

ಕಂಪ್ಲಿಯಲ್ಲಿ ಅದೇ ಶ್ರಾವಣದಲ್ಲಿ ತಂಗಿಯ ಮಗಳ ಮದುವೆ. ಗಂಡಿನ ಕಡೆಯವರು ಗಂಗಾವತಿಯವರು. ಹೊಳೆಗೆ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಹಾಗಾದರೆ ದಿಬ್ಬಣ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಸುತ್ತಿ ಬರಬೇಕು. ಆ ಚಿಂತೆಯೆಲ್ಲ ಬೀಗರ ಪಾಲಿಗೆ ಬಿಟ್ಟು ನಾನು ಕೂಸಿಗೆ ಸೀರೆ ಉಡಿಸಿ ಕರೆದುಕೊಂಡು ಹೋದೆ. ಉಡಿಸಿದ್ದು ಹೆಂಡತಿ, ಶ್ರೇಯಸ್ಸು ನನ್ನದು. ಅಲ್ಲಿ ಫೋಟೋದವನು ಅವಳನ್ನು ಕಂಡವನೇ ಮದುಮಕ್ಕಳನ್ನು ಮರೆತ. ಆಲ್ಬಮ್ ಬಂದಾಗ ನೋಡಿದರೆ ಅಕ್ಷತೆಯ ಪುಟದಲ್ಲಿ ಇವಳು, ಆರತಿಯ ಪುಟದಲ್ಲಿ ಇವಳು. ಮದುಮಗಳ ತಂದೆ ಒಂದೇ ಒಂದು ಚಿತ್ರದಲ್ಲಿದ್ದಾನೆ, ಅದೂ ಅರ್ಧ.

ಹಂಪಿಯಲ್ಲೂ ಇದೇ ಕತೆ. ಹೊಸಪೇಟೆಯವರು ಹಂಪಿ ನೋಡುವುದು ನೆಂಟರು ಬಂದಾಗ ಮಾತ್ರ ಎಂಬುದು ಬೇರೆ ಮಾತು. ವಿಜಯ ವಿಠ್ಠಲದ ಟಿಕೆಟ್ಟು ನಮಗೆ 40 ರೂಪಾಯಿ, ಅವಳಿಗೆ 600. "ಹದಿನೈದು ಪಟ್ಟು!" ಎಂದು ಹೆಂಡತಿ ಎದೆ ಹಿಡಿದುಕೊಂಡಳು. ಕಂಬವೊಂದೂ ಬಿಡದೆ ತೋರಿಸಿದಳು. ಅದೇ ಟಿಕೆಟ್ಟಿನಲ್ಲಿ ಕಮಲ ಮಹಲೂ ಇದೆ ಎಂದು ಗೊತ್ತಾಗಿ, ಮಟಮಟ ಮಧ್ಯಾಹ್ನ ಅಲ್ಲಿಗೂ ಎಳೆದುಕೊಂಡು ಹೋದಳು. "ಆರುನೂರು ಕೊಟ್ಟೀಯವ್ವ, ಕಣ್ಣು ಮುಚ್ಚಬ್ಯಾಡ." ಐವತ್ತರ ನೋಟಿನ ಮೇಲಿರುವ ಕಲ್ಲಿನ ರಥದ ಮುಂದೆ ಜನ ರಥಕ್ಕೆ ಬೆನ್ನು ಮಾಡಿ ಇವಳ ಜೊತೆ ಸೆಲ್ಫಿಗೆ ಸಾಲು ನಿಂತರು. ದಾವಣಗೆರೆಯ ಒಂದು ಕುಟುಂಬ ತಮ್ಮ ಫೋನು ನನ್ನ ಕೈಗೆ ಕೊಟ್ಟು "ಗೈಡ್, ಸ್ವಲ್ಪ ಹಿಂದಕ್ಕೆ ಹೋಗ್ರಿ, ಕಾಲೂ ಬರ್ಲಿ" ಎಂದಿತು. ಹಿಂದಕ್ಕೆ ಹೋದೆ. ಕೊನೆಗೆ ಅವರು ಇಪ್ಪತ್ತು ರೂಪಾಯಿ ಕೊಡಲು ಬಂದರು. ಬೇಡ ಎಂದೆ. ಹೆಂಡತಿ ಇಸಕೊಂಡಳು, ಆರುನೂರರಲ್ಲಿ ಅಷ್ಟಾದರೂ ಕಡಿಮೆಯಾಗಲಿ ಎಂದು.

ಕೂಸು ನಿಜವಾಗಿ ಮೆತ್ತಗಾದದ್ದು ಸಂಡೂರಿನಲ್ಲಿ. ಮಳೆ ಬಿದ್ದು ಗುಡ್ಡಗಳೆಲ್ಲ ಹಸಿರಾಗಿದ್ದ ದಿನ ಸಂಡೂರು ಕುಶಲ ಕಲಾ ಕೇಂದ್ರಕ್ಕೆ ಹೋಗಿದ್ದೆವು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಭೆ ಸೇರಿದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ 1755 ಕಸೂತಿ ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದ ಕೇಂದ್ರ ಅದು. ಕೂಸು ಒಬ್ಬ ಲಂಬಾಣಿ ಅಮ್ಮನ ಪಕ್ಕ ಕೂತು, ನಾಲಿಗೆ ಕಚ್ಚಿಕೊಂಡು ಕನ್ನಡಿಯ ಚೂರಿನ ಸುತ್ತ ಹೊಲಿಗೆ ಹಾಕಿತು. ಆ ಅಮ್ಮ ಮುಖದಲ್ಲಿ ಏನೂ ತೋರಿಸದೆ ಬಟ್ಟೆಯನ್ನು ತಿರುವಿ ನೋಡಿ, ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚಿ, ದಾರವನ್ನು ಬೆರಳಿಗೆ ಸುತ್ತಿ ತೆಗೆದಿಟ್ಟು, ಬಟ್ಟೆಯನ್ನು ಮತ್ತೆ ಅವಳ ಕೈಗೇ ಕೊಟ್ಟಳು. ಮೂರನೆಯ ಸಲಕ್ಕೆ ಕನ್ನಡಿ ನಿಂತಿತು. ನಾನು ನಕ್ಕಿದ್ದನ್ನು ಆ ಅಮ್ಮ ನೋಡಿದ್ದಳು. "ನೀನು ಬಾ ಯಜಮಾನಾ" ಎಂದು ಸೂಜಿ ದಾರ ಮುಂದೆ ಹಿಡಿದಳು. ಸೂಜಿಗೆ ಕಣ್ಣೆಲ್ಲಿದೆ ಎಂದು ಹುಡುಕುವುದರಲ್ಲೇ ಬಸ್ಸಿನ ಹೊತ್ತಾಯಿತು.

ಮೊದಲ ವರದಿ ಹೋದ ಮೇಲೆ ಅದರ ಪ್ರತಿಯನ್ನು ನಮಗೂ ತೋರಿಸಿದಳು. ಮಗ ಮೊಬೈಲಿನಲ್ಲಿ ಜರ್ಮನ್ನನ್ನು ಕನ್ನಡ ಮಾಡಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ. ಮನೆಯ ಸರ್ಕಾರ ಅಜ್ಜಿಯ ಕೈಯಲ್ಲಿದೆ. ಅಕ್ಕ ಯಾರಿಗೂ ಹೇಳದೆ ಎಲ್ಲ ನಿರ್ಧಾರ ಮಾಡುತ್ತಾಳೆ. ಮಗ ಓದುತ್ತಿದ್ದೇನೆ ಎನ್ನುವಾಗ ಕ್ರಿಕೆಟ್ ನೋಡುತ್ತಿರುತ್ತಾನೆ. ಅದನ್ನು ಅವನು ನುಂಗಿ ಮುಂದಿನ ಸಾಲಿಗೆ ಹಾರಿದ. ಕೊನೆಗೆ ನಾನು: ದುಂಡಗಿನ ಒಳ್ಳೆಯ ಮನುಷ್ಯ, ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಲಗಿ, ಎದ್ದ ಮೇಲೆ ನಿದ್ದೆಯೇ ಬರಲಿಲ್ಲ ಎನ್ನುತ್ತಾನೆ. ಏನು ಕೇಳಿದರೂ ಉತ್ತರ ಕೊಡುತ್ತಾನೆ.

"ರಾಯರಿಗೂ ಹಂಗ ಬರದಿದ್ರಂತಲ್ರಿ, ದಪ್ಪ ಅದಾರ ಅಂತ" ಎಂದು ಹೆಂಡತಿ ಸಮಾಧಾನಕ್ಕೆ ಬಂದಳು.

"ಅವರು ದಿನಾ ಕುಸ್ತಿ ಆಡತಿದ್ರು ಅಂತನೂ ಬರದಾನ" ಎಂದು ಮಗ ಸಮಾಧಾನವನ್ನು ಕಿತ್ತುಕೊಂಡ.

ಅವನ ಇಂಗ್ಲಿಷ್ ಎಲ್ಲಿತ್ತೋ ಅಲ್ಲೇ ಇದೆ. ಕೂಸಿನ ಕನ್ನಡ ಮಾತ್ರ ಬೆಳೆಯಿತು, ಅದೂ ನಮ್ಮವ್ವನ ಕನ್ನಡ. ಊರಿಗೆ ಹೊರಡುವ ದಿನ ಆಟೋದವನು ಬಾಡಿಗೆ ಜಾಸ್ತಿ ಹೇಳಿದಾಗ ಅವಳ ಬಾಯಿಂದ ಬಂದ ಮಾತಿಗೆ ಅವನು ಮರುಮಾತಿಲ್ಲದೆ ಐವತ್ತು ರೂಪಾಯಿ ಇಳಿಸಿದ. ಅವ್ವ ಮಾತ್ರ ಏನೂ ಕೇಳಿಸದವಳ ಹಾಗೆ ಎಲೆಗೆ ಸುಣ್ಣ ಹಚ್ಚುತ್ತ ನಿಂತಿದ್ದಳು.

ಈಗ ಅದೇ ಯೋಜನೆಯಲ್ಲಿ ನಮ್ಮ ಕಡೆಯ ಹುಡುಗರೂ ಜರ್ಮನಿಗೆ ಸೇವೆಗೆ ಹೋಗಬಹುದು ಎಂದು ತಿಳಿದು ಮಗ ಅರ್ಜಿ ಹಿಡಿದು ಕೂತಿದ್ದಾನೆ. ಯಾರದೋ ಮನೆಯಲ್ಲಿ ಇರಬೇಕು, ವರದಿ ಬರೆಯಬೇಕು.

"ಹೋಗಪ, ಹೋಗು. ಆದ್ರ ಆ ಮನಿ ಯಜಮಾನನ ಬಗ್ಗೆ ಏನೂ ಬರೀಬ್ಯಾಡ, ಪಾಪ" ಎಂದಳು ಅವ್ವ, ನನ್ನ ಕಡೆ ನೋಡದೆ.

"ಬರೀಲಿ ಬಿಡ್ರಿ ಅತ್ತಿ" ಎಂದಳು ಹೆಂಡತಿ. "ಮೊದಲು ಅವರ ಓಣ್ಯಾಗ ಎಷ್ಟು ದಿನಕ್ಕೊಮ್ಮೆ ನೀರು ಬಿಡ್ತಾರ ಕೇಳಿ ಫೋನ್ ಮಾಡ್ಲಿ."