ಸಕ್ಯುಲೆಂಟ್ ತಜ್ಞನ ನಾಲ್ಕು ಮಾತು

ಮನೆಯಲ್ಲಿ ಬೆಳೆಸಬಹುದಾದ ಚೆಂದದ ಹಸಿರು ಸಕ್ಯುಲೆಂಟ್‌ಗಳ ಬಗ್ಗೆ ಬರೆಯಲು ಅರಸೀಕೆರೆಯಲ್ಲಿ ನನ್ನಷ್ಟು ಅರ್ಹರು ಇನ್ನೊಬ್ಬರಿಲ್ಲ. ಮೂರು ವರ್ಷದಲ್ಲಿ ಹನ್ನೊಂದು ಗಿಡ ಕೊಂದಿದ್ದೇನೆ. ಪ್ರತಿಯೊಂದೂ ಬೇರೆ ಬೇರೆ ಕಾರಣಕ್ಕೆ ಸತ್ತಿರುವುದರಿಂದ ನನ್ನ ಅನುಭವ ವೈವಿಧ್ಯಮಯವಾದದ್ದು.

ಮೊದಲು ವ್ಯಾಖ್ಯೆ. ಎಲೆಯಲ್ಲೋ ಕಾಂಡದಲ್ಲೋ ನೀರು ತುಂಬಿಟ್ಟುಕೊಂಡು ಬರಗಾಲ ಕಳೆಯುವ ಗಿಡ ಸಕ್ಯುಲೆಂಟ್. ಇದು ಪುಸ್ತಕದ ಮಾತು. ವ್ಯವಹಾರದಲ್ಲಿ, ಬೇಲಿಯಲ್ಲಿದ್ದರೆ ಕಳ್ಳಿ, ಬಿಳಿ ಪಿಂಗಾಣಿ ಕುಂಡದಲ್ಲಿದ್ದರೆ ಸಕ್ಯುಲೆಂಟ್. ನಡುವಿನ ಅಂತರ ಇನ್ನೂರೈವತ್ತು ರೂಪಾಯಿ, ಕೊರಿಯರ್ ಖರ್ಚು ಬೇರೆ.

ಹೊಸಬರು ಎಕೆವೇರಿಯಾದಿಂದ ಶುರುಮಾಡಬೇಕು. ಮೆಕ್ಸಿಕೋದ ಗಿಡ, ಅಲ್ಲಿನ ಸಸ್ಯಚಿತ್ರಕಾರ ಅತನಾಸಿಯೋ ಎಚೆವೆರಿಯಾನ ಹೆಸರು ಹೊತ್ತಿದೆ. ದಪ್ಪ ಎಲೆಗಳು ಸುತ್ತಿನ ಮೇಲೆ ಸುತ್ತಾಗಿ ಜೋಡಿಸಿಕೊಂಡು ನಕ್ಷತ್ರದಂತೆ ಕಾಣುತ್ತವೆ. ನಮ್ಮೂರ ಈಶ್ವರ ದೇವಾಲಯದ ಮುಖಮಂಟಪವೂ ನಕ್ಷತ್ರಾಕಾರದ್ದೇ, ಹದಿನಾರು ಮೂಲೆ, 1220ರ ಹೊಯ್ಸಳರ ಕೆಲಸ. ಅದು ನಿಂತು ಎಂಟುನೂರು ವರ್ಷವಾಯಿತು. ನನ್ನ ಎಕೆವೇರಿಯಾ ಹದಿನೇಳು ದಿನ ನಿಂತಿತು. ಒಂದು ಕಲ್ಲು, ಇನ್ನೊಂದು ಎಲೆ ಎಂಬುದನ್ನು ಗಮನಿಸಿದರೆ ಇದು ಕಳಪೆ ಸಾಧನೆಯಲ್ಲ.

ಸಾವಿಗೆ ಕಾರಣ ಕೋಕೋಪೀಟ್. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇದು ಬೆಂಗಳೂರಿನಿಂದ ಇಟ್ಟಿಗೆಯ ರೂಪದಲ್ಲಿ, ಪ್ಲಾಸ್ಟಿಕ್ ಸುತ್ತಿಸಿಕೊಂಡು ಬರುವ ವಿಶೇಷ ಗೊಬ್ಬರ ಎಂದು ನಾನು ನಂಬಿದ್ದೆ. ಪಾರ್ಸೆಲ್ ತಂದ ಹುಡುಗನೇ ಹೇಳಿದ, ‘ಸಾರ್, ಇದು ತೆಂಗಿನ ನಾರಿನ ಪುಡಿ ಅಲ್ವಾ?’ ಅವನು ಗಾಡಿ ನಿಲ್ಲಿಸಿದ್ದು ನಮ್ಮ ಮನೆ ಮುಂದಿನ ಮಟ್ಟೆ ರಾಶಿಗೆ ಒರಗಿಸಿ. ಆ ರಾಶಿ ಬಚ್ಚಲ ಒಲೆಗೆ ಹೋಗುತ್ತದೆ; ಇದಕ್ಕೆ ಬಿಲ್ ಇರುವುದರಿಂದ ಕುಂಡಕ್ಕೆ ಹೋಯಿತು. ನಾರಿನ ಪುಡಿ ನೀರನ್ನು ಸ್ಪಂಜಿನಂತೆ ಹಿಡಿದಿಡುತ್ತದೆ, ಸಕ್ಯುಲೆಂಟಿನ ಬೇರಿಗೆ ಬೇಡದ್ದೇ ಅದು. ಮರಳು, ಇಟ್ಟಿಗೆ ಚೂರು ಹೆಚ್ಚಿಗೆ ಇರಬೇಕು. ಬುಡ ಕೊಳೆಯಿತು. ಅಟ್ಟದ ಮೇಲೆ ಕಾಯಿ ಹಾಕಿ, ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯಾಗಲಿ ಎಂದು ತಿಂಗಳುಗಟ್ಟಲೆ ಸುಮ್ಮನೆ ಕಾಯುವ ಸೀಮೆಯವನು ನಾನು. ಒಂದು ಕುಂಡದ ಮುಂದೆ ನೀರು ಹಾಕದೆ ನಾಲ್ಕು ದಿನ ಸುಮ್ಮನಿರಲಾಗಲಿಲ್ಲ.

ಹವಾರ್ತಿಯಾ ದಕ್ಷಿಣ ಆಫ್ರಿಕಾದ್ದು, ನೆರಳು ಸಾಕು, ಸಣ್ಣದು. ಅಷ್ಟು ಸಣ್ಣದೆಂದರೆ ಸತ್ತದ್ದು ಎರಡು ತಿಂಗಳು ಗೊತ್ತಾಗಲಿಲ್ಲ. ಜೇಡ್ ಗಿಡ ಮನೆಗೆ ದುಡ್ಡು ತರುತ್ತದೆ ಎನ್ನುತ್ತಾರೆ. ನಮ್ಮ ಮನೆಗೆ ಹಿಟ್ಟು ತಿಗಣೆ ತಂದಿತು.

ಹಾರನಹಳ್ಳಿಯಿಂದ ಬಂದ ದೊಡ್ಡಮ್ಮ ಜೇಡನ್ನು ಹಿಚುಕಿ ನೋಡಿ ಕೇಳಿದರು: ‘ಇದಕ್ಕೂ ದುಡ್ಡು ಕೊಟ್ಯೇನೋ? ನಮ್ಮ ತೋಟದ ಬೇಲೀಲಿ ಇದಕ್ಕಿಂತ ದಪ್ಪಗಿರೋ ಕತ್ತಾಳೆ ಬಿದ್ದವೆ ಕಣೋ.’ ನಾನು ತಾಳ್ಮೆಯಿಂದ ವಿವರಿಸಿದೆ: ಕತ್ತಾಳೆಯೂ ಎಕೆವೇರಿಯಾದಂತೆ ಮೆಕ್ಸಿಕೋ ಕಡೆಯದೇ, ಆದರೆ ಬಂದು ಬಹಳ ಕಾಲವಾಗಿ ಹಗ್ಗ ಹೊಸೆಯಲು ಉಪಯೋಗಕ್ಕೆ ಬಿದ್ದದ್ದರಿಂದ ಈಗ ಅದಕ್ಕೆ ಅಂದವಿಲ್ಲ. ಪಾಪಾಸುಕಳ್ಳಿಯದೂ ಇದೇ ಕಥೆ. ಅದೂ ಅಮೆರಿಕದ್ದೇ. ದಕ್ಷಿಣ ಭಾರತದಲ್ಲಿ ಎಷ್ಟು ಚೆನ್ನಾಗಿ ಬೆಳೆಯಿತೆಂದರೆ 1926ರಲ್ಲಿ ಅದನ್ನು ತಿನ್ನಿಸಲು ಸಿಂಹಳದಿಂದ ಹುಳ ತರಿಸಬೇಕಾಯಿತು. ಆ ಹುಳ ಹಿಟ್ಟು ತಿಗಣೆಯ ದೂರದ ನೆಂಟ. ಸರ್ಕಾರ ಹಡಗಿನಲ್ಲಿ ತರಿಸಿದ್ದನ್ನು ನಾನು ಜೇಡಿನ ಜೊತೆ ಉಚಿತವಾಗಿ ಪಡೆದಿದ್ದೇನೆ.

ವಿಜ್ಞಾನವನ್ನೂ ಕಡೆಗಣಿಸುವಂತಿಲ್ಲ. ಟಿಪ್ಪುವಿನ ನಂತರ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಎಂಬ ಸಸ್ಯಶಾಸ್ತ್ರಜ್ಞ 1813ರ ಪತ್ರವೊಂದರಲ್ಲಿ ನಮ್ಮ ಕಾಡುಬಸಳೆಯ ವಿಚಾರ ಬರೆದ: ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಕಹಿ. ಈ ಜಾತಿಯ ಗಿಡಗಳು ನೀರು ಉಳಿಸಲು ಹಗಲು ಎಲೆಯ ರಂಧ್ರ ಮುಚ್ಚಿ, ರಾತ್ರಿ ತೆರೆದು ಗಾಳಿ ಎಳೆದುಕೊಂಡು ಆಮ್ಲ ಮಾಡಿಡುತ್ತವೆ. ಬಿಸಿಲು ಬಂದ ಮೇಲೆ ಅದೇ ಆಮ್ಲ ಕರಗಿಸಿ ಅಡುಗೆ. ನಮ್ಮೂರ ರೈಲು ಜಂಕ್ಷನ್ನಿನಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನೂ ಹಿತ್ತಲ ಕಾಡುಬಸಳೆಯನ್ನು ಮೂರು ಹೊತ್ತು ನಾಲಿಗೆಗೆ ತಾಗಿಸಿ ನೋಡಿದೆ. ಹೇಯ್ನ್ ಸರಿ. ಸಂಶೋಧನೆಯ ವೇಳೆ ಪಕ್ಕದ ಮನೆಯವರು ನಮ್ಮವಳನ್ನು ಕರೆದು ಅಡುಗೆ ಆಗಿಲ್ಲವೇ ಎಂದು ವಿಚಾರಿಸಿದರು.

ಇನ್ನು ಕಡೆಯ ತಳಿ. ಬಾಗಿಲ ಮೇಲೆ ದೃಷ್ಟಿಗೆಂದು ತಲೆಕೆಳಗಾಗಿ ಕಟ್ಟಿರುವ ಲೋಳೆಸರ. ಮಣ್ಣಿಲ್ಲ, ಕುಂಡವಿಲ್ಲ, ಒಂದು ಹನಿ ನೀರು ಹಾಕಿದವರಿಲ್ಲ. ಕಟ್ಟಿದ್ದು ಯುಗಾದಿಗೆ, ದೀಪಾವಳಿ ಬಂತು, ಹಸಿರಾಗಿಯೇ ಇದೆ. ಎಲೆಯ ತುದಿಗಳು ಬೆಳಕು ಹುಡುಕಿ ಮೇಲಕ್ಕೆ ಬಾಗಿವೆ. ಇದರ ಯಶಸ್ಸಿನ ಗುಟ್ಟನ್ನು ಬಹಳ ದಿನ ಅಧ್ಯಯನ ಮಾಡಿದೆ. ಅದು ನನ್ನ ಕೈಗೆ ಎಟುಕುವುದಿಲ್ಲ.

ನನ್ನ ಸಂಗ್ರಹ ನೋಡಬಯಸುವವರು ಯಾವ ಭಾನುವಾರ ಬೇಕಾದರೂ ಬನ್ನಿ, ಬಾಗಿಲಲ್ಲೇ ಮುಗಿಯುತ್ತದೆ. ಗಿಡಕ್ಕೆಂದು ನೀರು ತರಬೇಡಿ. ನಮಗೆಂದು ಒಂದು ಬಿಂದಿಗೆ ತಂದರೆ ಬೇಡ ಎನ್ನುವುದಿಲ್ಲ, ನಲ್ಲಿ ಬಂದು ಐದು ದಿನವಾಯಿತು.