ಕಣ್ಣು ಮುಚ್ಚಿ ಓಡಿಸಬಲ್ಲ ಅಣ್ಣನಿಗೊಂದು ಬಹಿರಂಗ ಪತ್ರ

ಅಣ್ಣಾ,

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುವ ರಸ್ತೆಯನ್ನು ಕಣ್ಣು ಮುಚ್ಚಿ ಓಡಿಸಬಲ್ಲೆ ಎನ್ನುತ್ತೀರಿ. ನಾನು ನಂಬುತ್ತೇನೆ. ಯಾವ ಊರಿನ ಮುಂದೆ ಹಂಪ್ ಇದೆ, ಯಾವ ತಿರುವಿನಲ್ಲಿ ಗೇರ್ ಇಳಿಸಬೇಕು, ಎಲ್ಲಿ ಗುಂಡಿ ತಪ್ಪಿಸಲು ಬಲಕ್ಕೆ ಎಳೆದುಕೊಳ್ಳಬೇಕು ಎಂಬುದೆಲ್ಲ ನಿಮ್ಮ ಕೈಗೇ ಗೊತ್ತು. ಹೊರಗಿನವರು ತಡಕಾಡುವ ಕಡೆ ನೀವು ಸಲೀಸಾಗಿ ಸಾಗುತ್ತೀರಿ. ಆದರೆ ನವೆಂಬರಿನಿಂದ ಜನವರಿಯವರೆಗೆ ಬೆಳಗಿನ ಜಾವ ಹೊರಟಾಗ ನೀವು ನಿಜಕ್ಕೂ ಕಣ್ಣು ಮುಚ್ಚಿಯೇ ಓಡಿಸುತ್ತಿರುತ್ತೀರಿ. ಆ ಭಯಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಮಂಜು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯಲ್ಲಿನ ತೇವ ಸಣ್ಣ ಸಣ್ಣ ಹನಿಗಳಾಗಿ ತೇಲುತ್ತದೆ. ತಗ್ಗು ಎಲ್ಲಿದೆಯೋ, ನೀರು ಎಲ್ಲಿದೆಯೋ ಅಲ್ಲಿ ಮಂಜು ದಟ್ಟ. ಸೊರಬ, ಶಿಕಾರಿಪುರ ಎರಡೂ ಕೆರೆಗಳ ತಾಲ್ಲೂಕುಗಳು. ಭತ್ತದ ಗದ್ದೆ, ಅಡಿಕೆ ತೋಟ, ದಂಡಾವತಿ, ವರದಾ, ಕುಮುದ್ವತಿ ನದಿಗಳ ಬಯಲು ಎಲ್ಲ ಇಲ್ಲಿವೆ. ಎಷ್ಟೋ ಕಡೆ ರಸ್ತೆ ಕೆರೆಯ ಏರಿಯ ಮೇಲೆಯೇ ಹೋಗುತ್ತದೆ. ಹಾಗಾಗಿ ದಿಬ್ಬದ ಮೇಲಿನ ಊರಿನಲ್ಲಿ ರಸ್ತೆ ನಿಚ್ಚಳವಾಗಿರುತ್ತದೆ, ಇಳಿಜಾರು ಇಳಿದು ಏರಿಯ ಹತ್ತಿರ ಬಂದರೆ ಬಾನೆಟ್ಟಿನ ಆಚೆ ಏನೂ ಕಾಣುವುದಿಲ್ಲ. ನಡುವೆ ಕೆಲವೇ ಕ್ಷಣಗಳ ಅಂತರ. ನೀವು ದಿಬ್ಬದ ಮೇಲಿನ ವೇಗದಲ್ಲೇ ಮಂಜಿನೊಳಗೆ ನುಗ್ಗಿರುತ್ತೀರಿ, ಒಂದು ಪಕ್ಕದಲ್ಲಿ ನೀರು, ಇನ್ನೊಂದು ಪಕ್ಕದಲ್ಲಿ ಆಳದ ಗದ್ದೆ.

ಅಂಥ ಹೊತ್ತಿನಲ್ಲಿ ಕಣ್ಣಿಗೆ ಕಾಣದ್ದನ್ನು ನೆನಪು ತುಂಬಿಕೊಡುತ್ತದೆ. ಆದರೆ ನೆನಪಿನಲ್ಲಿರುವುದು ನಿನ್ನೆಯ ರಸ್ತೆ. ಇವತ್ತಿನ ರಸ್ತೆಯ ಮೇಲೆ ಮೆಕ್ಕೆಜೋಳ ಇದೆ. ಸುಗ್ಗಿಯಲ್ಲಿ ನಮ್ಮವರಿಗೆ ಡಾಂಬರು ರಸ್ತೆಯೇ ಕಣ. ಹಗಲು ಹರವಿದ ಕಾಳನ್ನು ಸಂಜೆ ರಾಶಿ ಮಾಡಿ, ಇಬ್ಬನಿಗೆ ನೆನೆಯದಂತೆ ತಾಡಪಾಲು ಹೊದಿಸಿ, ಅದು ಹಾರದಂತೆ ಸುತ್ತ ದಪ್ಪ ಕಲ್ಲು ಇಟ್ಟು ಮನೆಗೆ ಹೋಗುತ್ತಾರೆ. ಕಾಳು ಹಸಿಯಿದ್ದರೆ ವ್ಯಾಪಾರಿ ದರ ಇಳಿಸುತ್ತಾನೆ, ಒಣಗಿಸಲು ಎಲ್ಲರಿಗೂ ಜಾಗವಿಲ್ಲ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಊರೂರಿಗೆ ಒಂದು ಒಣಗಿಸುವ ಕಣ ಕಟ್ಟಿಸಿಕೊಡದ ವ್ಯವಸ್ಥೆಯ ಮೇಲೆ ಸಿಟ್ಟೂ ಇದೆ. ಆದರೂ ಆ ಕಲ್ಲು ಬೇಡ, ಅದರ ಬದಲು ಕಾಳು ತುಂಬಿದ ಚೀಲ ಇಡಿ ಎಂದು ಅವರನ್ನು ಕೈಮುಗಿದು ಕೇಳುತ್ತೇನೆ. ಬೈಕಿನ ಮುಂದಿನ ಚಕ್ರ ಕಲ್ಲಿಗೆ ತಾಗಿದರೆ ಸವಾರ ಉಳಿಯುವುದು ಕಷ್ಟ.

ರಾಶಿಯ ಆಚೆಗೆ, ಪಂಕ್ಚರ್ ಆಗಿ ರಾತ್ರಿಯೆಲ್ಲ ನಿಂತ ಟ್ರೇಲರ್ ಇರಬಹುದು. ವಾಹನದ ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ನಮ್ಮ ಟ್ರೇಲರುಗಳಲ್ಲಿ ಎಷ್ಟಕ್ಕೆ ಹಿಂದೆ ದೀಪವಿದೆ ಎಂಬುದು ನಿಮಗೇ ಗೊತ್ತು. ನಿಮ್ಮ ಮನೆಯಲ್ಲೂ ಒಂದು ಇದೆಯಲ್ಲ, ಅದಕ್ಕೆ ಇವತ್ತೇ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ತೀರಾ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ ಅದು.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಡ್ಡ ಏನೋ ಇದೆ ಎಂದು ಕಣ್ಣಿಗೆ ಬಿದ್ದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹಿಡಿದರೂ 25 ಮೀಟರ್ ಮುಗಿಯಿತು. ಇಬ್ಬನಿಗೆ ನೆನೆದ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನೂ 35 ಮೀಟರ್ ಬೇಕು. ಒಟ್ಟು 60. ಹವಾಮಾನ ಇಲಾಖೆಯ ಪ್ರಕಾರ 50 ಮೀಟರಿಗಿಂತ ಆಚೆ ಕಾಣದಿದ್ದರೆ ಅದು ಅತಿ ದಟ್ಟ ಮಂಜು. ಅಂದರೆ ಕಂಡ ಮೇಲೆ ನಿಲ್ಲಿಸುತ್ತೇನೆ ಎಂಬ ಮಾತೇ ಅಲ್ಲಿ ಉಳಿಯುವುದಿಲ್ಲ. ಎದುರಿಗೆ ಇನ್ನೊಂದು ಗಾಡಿ ಬರುತ್ತಿದ್ದರೆ ಆ 50 ಮೀಟರನ್ನು ಇಬ್ಬರೂ ಹಂಚಿಕೊಳ್ಳಬೇಕು, ನಿಮ್ಮ ಪಾಲಿಗೆ ಸಿಗುವುದು 25. ಅಷ್ಟರೊಳಗೆ ನಿಲ್ಲಬೇಕೆಂದರೆ ವೇಗ 30ರ ಆಸುಪಾಸಿನಲ್ಲಿರಬೇಕು.

ನಾನು ನಿಧಾನವಾಗಿಯೇ ಹೋಗುತ್ತಿದ್ದೇನೆ ಎಂದು ನಿಮಗನ್ನಿಸಬಹುದು. ಆ ಅನಿಸಿಕೆಯನ್ನು ನೆಚ್ಚಬೇಡಿ. ಮಸುಕಿನಲ್ಲಿ ಜನ ತಮ್ಮ ವೇಗವನ್ನು ಇರುವುದಕ್ಕಿಂತ ಕಡಿಮೆ ಎಂದು ಭಾವಿಸುತ್ತಾರೆ ಎಂಬ ಅಧ್ಯಯನ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ದೂರ ಹೋದಂತೆ ದಟ್ಟವಾಗುವ ನಿಜವಾದ ಮಂಜಿನಂಥದ್ದರಲ್ಲಿ ಪರಿಣಾಮ ತಿರುಗುಮುರುಗು ಎಂದು 2012ರಲ್ಲಿ ‘ಇಲೈಫ್’ ಪತ್ರಿಕೆಯಲ್ಲಿ ಇನ್ನೊಂದು ಬಂತು. ವಿದ್ವಾಂಸರು ಚರ್ಚೆ ಮಾಡಲಿ. ಕಣ್ಣಿನ ಅಂದಾಜು ಮಂಜಿನಲ್ಲಿ ಕೈಕೊಡುತ್ತದೆ ಎಂಬುದರಲ್ಲಿ ಇಬ್ಬರೂ ಒಂದೇ. ಮೀಟರ್ ಮುಳ್ಳನ್ನು ನೋಡಿ.

ಹೈ ಬೀಮ್ ಮಾತ್ರ ಹಾಕಲೇಬೇಡಿ. ಕಾಣದಾಗ ಕೈ ತಾನಾಗಿ ಆ ಸ್ವಿಚ್ಚಿಗೆ ಹೋಗುತ್ತದೆ, ಆದರೆ ಎತ್ತರಕ್ಕೆ ಬೀಳುವ ಬೆಳಕು ಮಂಜಿನ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ, ಮುಂದೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಡಿಮ್‌ನಲ್ಲಿ ಬೆಳಕು ನೆಲಕ್ಕೆ ಬೀಳುತ್ತದೆ, ರಸ್ತೆಯಂಚಿನ ಬಿಳಿ ಪಟ್ಟಿಯಾದರೂ ಕಾಣುತ್ತದೆ. ಅದನ್ನೇ ಹಿಡಿದು ಹೋಗಿ. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತ ಓಡಿಸುವ ಅಭ್ಯಾಸವೂ ಬೇಡ. ನೀವು ನಿಂತಿದ್ದೀರೋ, ಹೋಗುತ್ತಿದ್ದೀರೋ, ಎತ್ತ ತಿರುಗುತ್ತೀರೋ ಹಿಂದಿನವನಿಗೆ ತಿಳಿಯುವುದಿಲ್ಲ. ಒಳಗಿನಿಂದ ಗಾಜು ಮಸುಕಾದರೆ ಎ.ಸಿ. ಹಾಕಿ ಅದರ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ. ಎ.ಸಿ. ಇಲ್ಲದ ಗಾಡಿಯಾದರೆ ಕಿಟಕಿ ತುಸು ಇಳಿಸಿ. ಚಳಿಯಾದರೂ ಪರವಾಗಿಲ್ಲ, ಎದುರಿನ ಹಾರನ್ ಕೂಡ ಕೇಳಿಸುತ್ತದೆ.

ಶಿವಮೊಗ್ಗದ ಆಸ್ಪತ್ರೆಗೆ ಎಂಟಕ್ಕೆ ಮುಟ್ಟಬೇಕು, ತಡವಾಗುತ್ತದೆ ಎನ್ನುತ್ತೀರಿ. ದಾರಿಯಲ್ಲಿ ಹತ್ತು ಕಿಲೋಮೀಟರ್ ಮಂಜು ಇದೆಯೆಂದೇ ಇಟ್ಟುಕೊಳ್ಳೋಣ. ಅದನ್ನು 60ರಲ್ಲಿ ದಾಟಲು ಹತ್ತು ನಿಮಿಷ, 30ರಲ್ಲಿ ಇಪ್ಪತ್ತು. ವ್ಯತ್ಯಾಸ ಹತ್ತೇ ನಿಮಿಷ. ಹಿಂದಿನ ಸೀಟಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ ಆ ಹತ್ತು ನಿಮಿಷ ಮೊದಲೇ ಏಳಲು ಆಗದೇ ಅಣ್ಣಾ?

ಮಳೆಗಾಲದಲ್ಲೂ ಇದೇ ಮಾತು. ವರದಾ ತುಂಬಿ ಚಂದ್ರಗುತ್ತಿ, ಆನವಟ್ಟಿ, ಬನವಾಸಿ ಕಡೆಯ ಗದ್ದೆ ಬಯಲಿಗೆ ನೀರು ನುಗ್ಗಿದಾಗ ಮುಳುಗಿದ ಮೋರಿಯ ಮೇಲೆ ನೀವು ನೆನಪಿನ ಬಲದಿಂದಲೇ ಗಾಡಿ ಬಿಡುತ್ತೀರಿ. ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರು ತೇಲಬಹುದು, ಎರಡು ಅಡಿಯಾದರೆ ಹೆಚ್ಚಿನ ಗಾಡಿಗಳನ್ನು ಎಳೆದೊಯ್ಯುತ್ತದೆ. ಕೆಂಪು ನೀರಿನ ಅಡಿಯಲ್ಲಿ ಮೋರಿಯ ಅಂಚು ಉಳಿದಿದೆಯೋ, ರಾತ್ರಿಯೇ ಕೊಚ್ಚಿ ಹೋಗಿದೆಯೋ ಮೇಲಿನಿಂದ ಯಾರಿಗೂ ಹೇಳಲಾಗದು. ಅಲ್ಲಿ ನಿಂತುಬಿಡಿ, ನೀರು ಇಳಿಯಲಿ. ನೀವು ನಿಲ್ಲುವುದು ಮುಖ್ಯ, ಯಾಕೆಂದರೆ ದಾರಿ ಗೊತ್ತಿಲ್ಲದ ಹೊರಗಿನವರು ಮಂಜಿನಲ್ಲೂ ಮಳೆಯಲ್ಲೂ ನಮ್ಮ ತಾಲ್ಲೂಕಿನ ಗಾಡಿಯ ಹಿಂದಿನ ದೀಪ ನೋಡಿಕೊಂಡೇ ಬರುತ್ತಿರುತ್ತಾರೆ. ನೀವು ದಾಟಿದರೆ ಅವರೂ ದಾಟಲು ನೋಡುತ್ತಾರೆ.

ಇಂತಿ,
ಅದೇ ರಸ್ತೆಯಲ್ಲಿ ದಿನವೂ ಎದುರಾಗುವ
ನಿಮ್ಮ ತಮ್ಮ